ಕತ್ತಲೆಯ ಮುಯ್ಯಿ

ಆ ದಿನ ಬೆಳಗಿನ ಆಕಾಶ ಶಿವ ಈಗಷ್ಟೇ ಹಾಸಿ ಹೋದಂತಿತ್ತು. ಮಾಘದ ಚಳಿ ಇನ್ನೂ ಕಾಲು ಕಿತ್ತಿರಲಿಲ್ಲ. ಗಾಳಿ ಒಣಗಿ ಹಗುರಾಗಿತ್ತು, ಕಬ್ಬಿನ ಗರಿಯ ಮೇಲೆ ಹನಿ ಕೂತಿರಲಿಲ್ಲ, ಮೂಡಣದಿಂದ ಪಡುವಣದವರೆಗೆ ಹಿಂಜಿದ ಅರಳೆಯಷ್ಟು ಮೋಡವೂ ಇರಲಿಲ್ಲ. ದ್ರಾಕ್ಷಿ ಒಣಗಿಸಿ ಮಣೂಕ ಮಾಡುವವರು ದೇವರ ಮುಂದೆ ನಿಂತು ಬೇಡಿಕೊಳ್ಳುವಂಥ ಬೆಳಗು ಅದು. ಇದನ್ನು ಮೊದಲೇ ಹೇಳಿಡುವುದಕ್ಕೆ ಕಾರಣವಿದೆ. ಮುಂದಿನದನ್ನು ಕೇಳುವಾಗ ಈ ಆಕಾಶವನ್ನು ಮರೆಯಬಾರದು. ಆ ದಿನ ಅಥಣಿ ಸೀಮೆಯಲ್ಲಿ ಅದನ್ನು ಮರೆತವರೇ ಹೆಚ್ಚು.

ಅಥಣಿಯಿಂದ ಪಡುವಣಕ್ಕೆ ಹೋಗುವ ದಾರಿಯಲ್ಲಿ, ತೋಟದ ವಸ್ತಿಯೊಂದರಲ್ಲಿ ಮುರಗೆಪ್ಪನ ಮನೆ. ಒಂದಿಷ್ಟು ದ್ರಾಕ್ಷಿ, ಒಂದಿಷ್ಟು ಕಬ್ಬು, ಹೆಂಡತಿ ಅಕ್ಕವ್ವ, ಮತ್ತು ಒಂದು ದುರ್ಬೀನು. ಮೊದಲ ಮೂರು ಎಲ್ಲರಿಗೂ ಇರುವಂಥವು. ನಾಲ್ಕನೆಯದು ಹೇಗೆ ಬಂತೆಂದರೆ, ಅತ್ತೆ ಸತ್ತೆವ್ವನ ಕಣ್ಣಿನ ಪೊರೆ ತೆಗೆಸಲು ಮಿರಜಿಗೆ ಹೋದಾಗ, ಆಸ್ಪತ್ರೆಯ ಹಿಂದಿನ ಓಣಿಯಲ್ಲಿ ಮನೆ ಖಾಲಿ ಮಾಡುತ್ತಿದ್ದ ಒಬ್ಬ ನಿವೃತ್ತ ಮಾಸ್ತರರು ಅದನ್ನು ಕಟ್ಟೆಯ ಮೇಲೆ ಇಟ್ಟುಕೊಂಡು ಕೂತಿದ್ದರು. ಮುರಗೆಪ್ಪ ಸುಮ್ಮನೆ ಕಣ್ಣು ಹಚ್ಚಿ ನೋಡಿದ. ಹಚ್ಚಿದ ಕಣ್ಣು ತೆಗೆಯಲಿಲ್ಲ. ನಮ್ಮವ್ವನ ಕಣ್ಣು ತರಾಕ ಹೋದಾವ ತನ್ನ ಕಣ್ಣು ಅಲ್ಲೇ ಬಿಟ್ಟು ಬಂದ ಎಂದು ಅಕ್ಕವ್ವ ಇವತ್ತಿಗೂ ಬಂದವರಿಗೆಲ್ಲ ಹೇಳುತ್ತಾಳೆ.

ದುರ್ಬೀನು ಅಲುಗಾಡಬಾರದೆಂದು ಅಂಗಳದ ನಡುವೆ ದ್ರಾಕ್ಷಿ ಬಳ್ಳಿ ಹಬ್ಬಿಸುವ ಪಡಗಿನ ಕಲ್ಲುಕಂಬವೊಂದನ್ನು ನೆಟ್ಟು, ಬುಡಕ್ಕೆ ಸಿಮೆಂಟು ಹಾಕಿ, ನೆತ್ತಿಯ ಮೇಲೆ ಅದನ್ನು ಕೂರಿಸಿದ. ಆಕಾಶದಲ್ಲಿ ಚಿಕ್ಕಿ ಸರಿದಂತೆ ದುರ್ಬೀನೂ ಸರಿಯಲೆಂದು ಒಂದು ಸಣ್ಣ ಮೋಟಾರು, ಕಣ್ಣು ಹಚ್ಚುವಲ್ಲಿ ಒಂದು ಕ್ಯಾಮೆರಾ. ಕಂಬ ಕಂಡ ವಸ್ತಿಯ ಹೆಂಗಸರು ಯಾವುದೋ ದೇವರು ಬಂದಿದೆ ಎಂದುಕೊಂಡು ಬುಡಕ್ಕೆ ಕುಂಕುಮ ಹಚ್ಚಿ ಹೋದರು. ಬಂದ ಭಕ್ತಿಯನ್ನು ಅಳಿಸುವುದು ಬೇಡವೆಂದು ಅಕ್ಕವ್ವ ದಿನಾ ಅದರ ಸುತ್ತ ರಂಗೋಲಿ ಹಾಕತೊಡಗಿದಳು.

ಚಂದ್ರ, ಶನಿಯ ಬಳೆ, ಗುರುವಿನ ಸುತ್ತಲಿನ ಚುಕ್ಕೆಗಳನ್ನೆಲ್ಲ ನೋಡಿ ಮುಗಿಸಿದ ಮೇಲೆ ಮುರಗೆಪ್ಪನ ಮನಸ್ಸು ನೀಹಾರಿಕೆಯ ಮೇಲೆ ನಿಂತಿತು. ಮಹಾವ್ಯಾಧ ನಕ್ಷತ್ರಪುಂಜದ ನಡುಪಟ್ಟಿಯಲ್ಲಿ ಸಾಲಾಗಿ ಮೂರು ಚಿಕ್ಕಿಗಳಿವೆಯಲ್ಲ, ಅವುಗಳ ಕೆಳಗೆ ಧೂಳು, ಹೊಗೆ, ಬೆಳಕು ಕೂಡಿದ ಒಂದು ದೊಡ್ಡ ಮೋಡವಿದೆ. ಅದರ ಹೊಟ್ಟೆಯಲ್ಲಿ ಹೊಸ ಚಿಕ್ಕಿಗಳು ಹುಟ್ಟುತ್ತಿವೆ. ಬರಿಗಣ್ಣಿಗೆ ಬೂದಿ ಬಳಿದಂತೆ ಕಾಣುವ ಅದರ ನಿಜವಾದ ಬಣ್ಣ ಹಿಡಿಯಬೇಕೆಂದರೆ ಕ್ಯಾಮೆರಾ ಬಹಳ ಹೊತ್ತು ರೆಪ್ಪೆ ಬಡಿಯದೆ ನೋಡಬೇಕು. ಆಮೇಲೆ ಅಂಥ ಫೋಟೋಗಳನ್ನು ರೊಟ್ಟಿ ಪೇರಿಸಿದಂತೆ ಒಂದರ ಮೇಲೊಂದು ಪೇರಿಸಬೇಕು. ಇದಕ್ಕೆ ಬೇಕಾದದ್ದು ತಾಳ್ಮೆ ಮತ್ತು ಕತ್ತಲೆ. ತಾಳ್ಮೆ ಮುರಗೆಪ್ಪನಲ್ಲಿತ್ತು. ಕತ್ತಲೆ ಅಣ್ಣಾಸಾಬನ ಕೈಯಲ್ಲಿತ್ತು.

ಅಣ್ಣಾಸಾಬನೆಂದರೆ ಬದುವಿನ ಆಚೆಯ ನೆರೆಯವನು. ವಯಸ್ಸಿನಲ್ಲಿ ಹಿರಿಯ, ಮಾತಿನಲ್ಲಿ ಗಡಸು, ಕೊಟ್ಟ ಮಾತು ನಡೆಸುವುದರಲ್ಲಿ ನಿಧಾನ. ದ್ರಾಕ್ಷಿ ಒಣಗಿಸಿ ಮಣೂಕ ಮಾಡುವ ಅವನ ರ್ಯಾಕು, ಅಂದರೆ ಬಲೆಯ ಅಂತಸ್ತುಗಳ ಉದ್ದನೆಯ ಚಪ್ಪರ, ಸರಿಯಾಗಿ ಬದುವಿಗೆ ಹತ್ತಿಕೊಂಡಿತ್ತು. ಅದರ ತುದಿಗೆ ಕಳ್ಳರ ಭಯಕ್ಕೆಂದು ಒಂದು ಫೋಕಸ್ ಲೈಟು ಹಾಕಿಸಿದ್ದ. ಕಳ್ಳರು ಯಾವ ಕಡೆಯಿಂದ ಬರುತ್ತಾರೆಂದು ಅವನಿಗೆ ಅನಿಸಿತ್ತೋ, ಲೈಟಿನ ಮುಖವಂತೂ ನೇರ ಮುರಗೆಪ್ಪನ ಅಂಗಳಕ್ಕಿತ್ತು. ಆ ಅಂಗಳದ ತುಳಸಿಯ ನೆರಳು ಅಮಾವಾಸ್ಯೆಯ ದಿನವೂ ಗೋಡೆಯ ಮೇಲೆ ಬೀಳುತ್ತಿತ್ತು. ಅಕ್ಕವ್ವ ಊಟವಾದ ಮೇಲೆ ಆ ಬೆಳಕಿನಲ್ಲೇ ಜೋಳ ಹಸನು ಮಾಡುತ್ತಿದ್ದಳು. ಹಾಗಾಗಿ ಈ ಜಗಳದಲ್ಲಿ ಅವಳು ಯಾರ ಕಡೆಗೂ ಇರಲಿಲ್ಲ.

ಆ ಕಡೆಯ ಒಕ್ಕಲುತನ ನಿಂತಿರುವುದು ಮುಯ್ಯಿಯ ಮೇಲೆ. ಇವತ್ತು ನಿನ್ನ ಎತ್ತು ನನ್ನ ಹೊಲಕ್ಕೆ, ನಾಳೆ ನನ್ನ ಎತ್ತು ನಿನ್ನ ಹೊಲಕ್ಕೆ. ಬರೆದಿಡುವುದಿಲ್ಲ, ಸಾಕ್ಷಿ ಕರೆಯುವುದಿಲ್ಲ, ಉಪಕಾರವಾಯಿತೆಂದು ಹೇಳುವುದೂ ಇಲ್ಲ, ತಿರುಗಿಸಿದರೆ ಮುಗಿಯಿತು. ಹೋದ ಬೇಸಿಗೆಯಲ್ಲಿ ಅಣ್ಣಾಸಾಬನ ಮೋಟಾರು ಸುಟ್ಟು, ದ್ರಾಕ್ಷಿ ಗಿಡ ಬಾಯಿ ಬಿಟ್ಟಾಗ ಮುರಗೆಪ್ಪ ತನ್ನ ನೀರಿನ ಪಾಳಿ ಬಿಟ್ಟುಕೊಟ್ಟಿದ್ದ. ಇದಕ್ಕೆ ಪ್ರತಿಯಾಗಿ ಯಾವ ಪಾಳಿ ಬೇಕು ಕೇಳು ಎಂದು ಅಣ್ಣಾಸಾಬ ಮೀಸೆ ಸವರಿಕೊಂಡು ಕೇಳಿದ್ದ.

"ನನಗ ನೀರ ಬ್ಯಾಡಣ್ಣಾ," ಎಂದಿದ್ದ ಮುರಗೆಪ್ಪ. "ಒಂದ ಸಂಜಿ ಕತ್ತಲಿ ಕೊಡು ಸಾಕು."

ಅಣ್ಣಾಸಾಬ ಅವನ ಹಣೆ ಮುಟ್ಟಿ ನೋಡಿದ. ಜ್ವರವಿರಲಿಲ್ಲ. ಹಾಗಾಗಿ ಒಪ್ಪಿಕೊಂಡ.

ಒಪ್ಪಿದ್ದೇನೋ ಒಪ್ಪಿದ. ಆದರೆ ಬೇಸಿಗೆಯಲ್ಲಿ ಮಹಾವ್ಯಾಧ ಹೊತ್ತಿಗೆ ಮುಂಚೆ ಮುಳುಗಿಹೋದ. ಮಳೆಗಾಲದಲ್ಲಿ ಆಕಾಶವೇ ಮುಳುಗಿತು. ದೀಪಾವಳಿಯಲ್ಲಿ ಮನೆಯ ಮುಂದೆ ಲೈಟು ಆರಿಸುವುದು ಅಶುಭವಾಯಿತು. ಅದು ಮುಗಿದು ಚಳಿ ಬಿದ್ದು, ಸಂಜೆಯಾಗುತ್ತಲೇ ಮಹಾವ್ಯಾಧ ನೆತ್ತಿಗೇರುವ ಕಾಲ ಬಂದಾಗ ರ್ಯಾಕಿನ ಮೇಲೆ ಹೊಸ ದ್ರಾಕ್ಷಿ ಬಿತ್ತು. "ಮಣೂಕ ಇಳೀಲಿ," ಎಂದ ಅಣ್ಣಾಸಾಬ. "ರ್ಯಾಕ ಖಾಲಿ ಆದ ದಿನ ನಿನ್ನ ಕತ್ತಲಿ ನಿನಗ." ಈ ಮಾತನ್ನೂ ನೆನಪಿಡಬೇಕು. ಅಣ್ಣಾಸಾಬ ಇದನ್ನು ಮುಂದೆ ತಾನೇ ನೆನಪು ಮಾಡಿಕೊಂಡ, ಬೇರೆ ರೀತಿಯಲ್ಲಿ.

ಕಾದು ಕಾದು ಸಾಕಾದ ಮುರಗೆಪ್ಪ ಆ ಬೆಳಗಿನ ಹಿಂದಿನ ಸಂಜೆ ಲೈಟಿಗೆ ಅಡ್ಡವಾಗಿ ಗೋಣಿತಟ್ಟು ಕಟ್ಟಿ, ಸಿಕ್ಕಷ್ಟು ಫೋಟೋ ತೆಗೆದ. ಬೆಳತನಕ ಹಳೆಯ ಲ್ಯಾಪ್‌ಟಾಪಿನ ಮುಂದೆ ಕೂತು ಪೇರಿಸಿದ. ಪೇರಿಸಿದಂತೆಲ್ಲ ಪರದೆಯ ಮೇಲೆ ಒಂದು ಕೆಂಪು ಎದ್ದಿತು. ನಟ್ಟನಡುವೆ ಕಡುಗೆಂಪು, ಸುತ್ತ ನೇರಳೆ, ಅಂಚಿನಲ್ಲಿ ಅಣ್ಣಾಸಾಬನ ಲೈಟಿನ ಹಳದಿ. ಮುರಗೆಪ್ಪನಿಗೆ ಕಣ್ಣು ತುಂಬಿ ಬಂತು. ಇಷ್ಟಾದ ಮೇಲೆ ಸುಮ್ಮನೆ ಮಲಗಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಒಳ್ಳೆಯ ಹೂವು ಅರಳಿದಾಗ ನಾಲ್ಕು ಜನಕ್ಕೆ ತೋರಿಸುವ ಆಸೆ ಯಾರಿಗಿಲ್ಲ? ಅವನು ಅದನ್ನು ದ್ರಾಕ್ಷಿ ಬೆಳೆಗಾರರ ವಾಟ್ಸಾಪ್ ಬಳಗಕ್ಕೆ ಕಳಿಸಿದ. ಹಿಂದೆಯೇ, ಶಿವನ ಸೃಷ್ಟಿಯ ವಿಸ್ತಾರದಿಂದ ಮೊದಲು ಮಾಡಿ ಉದ್ದನೆಯ ವಿವರಣೆಯನ್ನೂ ಬರೆದು ಒತ್ತಿದ. ಫೋಟೋ ಹೋಯಿತು. ಅಷ್ಟರಲ್ಲಿ ಫೋನಿನ ರೇಂಜು ಹೋಯಿತು. ವಿವರಣೆ ಹೋಗದೆ ಅಲ್ಲೇ ಕೂತಿತು. ಅದನ್ನು ಕಾಣದ ಮುರಗೆಪ್ಪ ಫೋನು ಚಾರ್ಜಿಗೆ ಹಾಕಿ, ಮುಸುಕೆಳೆದು ಮಲಗಿದ.

ಆ ಬಳಗದಲ್ಲಿ ಭೂಪಾಲ ಎಂಬೊಬ್ಬ ಸಲಹೆಗಾರನಿದ್ದ. ಯಾವ ಔಷಧ ಹೊಡೆಯಬೇಕು, ಯಾವಾಗ ಕೊಯ್ಯಬೇಕು ಎಂದು ಹೇಳುವವನು ಅವನೇ. ದಿನಾ ಬೆಳಿಗ್ಗೆ ಉಪಗ್ರಹದ ಮೋಡದ ಚಿತ್ರವನ್ನು ಎಲ್ಲಿಂದಲೋ ತಂದು ಹಾಕುವವನೂ ಅವನೇ. ನೀಲಿ ಇದ್ದರೆ ನಿದ್ದೆ, ಹಳದಿ ಇದ್ದರೆ ಎಚ್ಚರ, ಕೆಂಪು ಇದ್ದರೆ ಮಾಲಿಗೆ ಹೊಚ್ಚಲು ತಾಡಪತ್ರಿ. ಬಳಗದವರಿಗೆ ಅಕ್ಷರ ಓದುವ ಗೋಜೇ ಇರಲಿಲ್ಲ, ಬಣ್ಣ ನೋಡಿದರೆ ಸಾಕು. ಆ ಬೆಳಿಗ್ಗೆ ತನಗಿಂತ ಮೊದಲು ಮುರಗೆಪ್ಪ ಚಿತ್ರ ಹಾಕಿದ್ದನ್ನು, ಅದೂ ಇಷ್ಟು ಕೆಂಪಾದದ್ದನ್ನು ಕಂಡು ಭೂಪಾಲನ ಎದೆ ಧಸಕ್ಕೆಂದಿತು. ಇದು ಏನೆಂದು ಕೇಳಿದರೆ ಸಲಹೆಗಾರನ ಮಾನ ಉಳಿಯುವುದಿಲ್ಲ. ಅವನು ಚಿತ್ರದ ಮೇಲೊಂದು ಬಾಣ ಎಳೆದು, ಮೋಡ ಅರಬ್ಬಿ ಸಮುದ್ರದಿಂದ ಎದ್ದು ಅಥಣಿಯ ಕಡೆ ತಿರುಗಿದೆಯೆಂದೂ, ಕೆಂಪು ಇದ್ದಲ್ಲಿ ಆಲಿಕಲ್ಲೆಂದೂ, ನಡುವೆ ಕಡುಗೆಂಪಾಗಿ ಕಾಣುವುದು ಸುಳಿಗಾಳಿಯ ಬಾಯೆಂದೂ ಬರೆದು ಎಲ್ಲ ಕಡೆಗೂ ಕಳಿಸಿದ.

ಮುರಗೆಪ್ಪ ಎಚ್ಚರವಾಗಿ ಹೊರಗೆ ಬಂದಾಗ ಅಂಗಳದ ತುಂಬ ಜನ. ಎಲ್ಲರ ಮುಂದೆ ಅಣ್ಣಾಸಾಬ, ತಲೆಗೆ ಟಾವೆಲ್ಲು ಬಿಗಿದುಕೊಂಡು.

"ಮುರಗೆಪ್ಪಾ, ನೀ ಕಳಿಸಿದ ಮೋಡ ಯಾವಾಗ ಬರತೈತಿ?"

ಮುರಗೆಪ್ಪನ ನಿದ್ದೆಗಣ್ಣಿನಲ್ಲಿ ಆನಂದ ಉಕ್ಕಿತು. ಇಷ್ಟು ವರ್ಷ ಒಂದು ನರಪಿಳ್ಳೆಯೂ ಆ ದುರ್ಬೀನಿನಲ್ಲಿ ಏನು ಕಾಣುತ್ತದೆಂದು ಕೇಳಿರಲಿಲ್ಲ. ಇವತ್ತು ಇಡೀ ವಸ್ತಿಯೇ ನೀಹಾರಿಕೆಯನ್ನು ತಿಳಿಯಲು ಬಂದಿದೆ. ಅವನು ಕಂಬಕ್ಕೆ ಒಂದು ಕೈ ಆನಿಸಿ, ಪ್ರವಚನಕ್ಕೆ ನಿಂತವರ ಹಾಗೆ ಗಂಟಲು ಸರಿಮಾಡಿಕೊಂಡ.

"ಮೋಡ ಬರೂದಿಲ್ಲಣ್ಣಾ. ಅದರ ಬೆಳಕು ಬರತೈತಿ."

ಬೆಳಕೆಂದರೆ ಮಿಂಚು ಎಂದು ಹಿಂದಿದ್ದವರಿಗೆ ಮುಂದಿದ್ದವರು ತಿಳಿಸಿದರು.

"ಅದು ಅಲ್ಲಿಂದ ಹೊಂಟು ಸಾವಿರದ ಮುನ್ನೂರು ವರ್ಷ ಆತು. ನಿನ್ನಿ ಸಂಜಿ ನಮ್ಮ ಅಂಗಳಕ್ಕ ಮುಟ್ಟೈತಿ."

ಅಷ್ಟು ವರ್ಷದಿಂದ ಹೊರಟು ಬಂದದ್ದು ಹಾಗೇ ಹೋಗುವುದಿಲ್ಲ ಎಂದು ಒಬ್ಬ ಮೆಲ್ಲಗೆ ಹೇಳಿದ. ಎಷ್ಟು ದೊಡ್ಡದಿದೆ, ಅಥಣಿ ತಾಲೂಕಿನಷ್ಟು ಇರಬಹುದೇ ಎಂದು ಇನ್ನೊಬ್ಬ ಕೇಳಿದ.

ಮುರಗೆಪ್ಪ ಕರುಣೆಯಿಂದ ನಕ್ಕ. "ತಾಲೂಕ ಯಾವ ಲೆಕ್ಕದಾಗಪಾ. ಈ ಭೂಮಿ, ಆ ಸೂರ್ಯಾ, ಎಲ್ಲಾ ತಗೊಂಡು ಅದರಾಗ ಒಗದ್ರೂ ಒಂದ ಮೂಲಿ ತುಂಬೂದಿಲ್ಲ."

"ಅಂದ್ರ ಕಾಗವಾಡನೂ ಹೋತು," ಎಂದ ಅಣ್ಣಾಸಾಬ. ಕಾಗವಾಡದಲ್ಲಿ ಅವನ ಬೀಗರಿದ್ದರು.

ಮರುಗಳಿಗೆಯಲ್ಲಿ ಅಂಗಳ ಖಾಲಿ. ಒಬ್ಬ ಹೋಗುವಾಗ ಕಂಬದ ಬುಡಕ್ಕೆ ಒಂದು ಕಾಯಿ ಒಡೆದು ಹೋದ. ಜನಕ್ಕೆ ವಿಜ್ಞಾನದ ಮೇಲೆ ಇಷ್ಟು ಶ್ರದ್ಧೆ ಇರುವುದು ತನಗೆ ಗೊತ್ತೇ ಇರಲಿಲ್ಲ ಎಂದುಕೊಳ್ಳುತ್ತ ಮುರಗೆಪ್ಪ ಆ ಕಾಯಿಯ ಚೂರನ್ನು ಬಾಯಿಗೆ ಹಾಕಿಕೊಂಡ. ಬದುವಿನ ಆಚೆ ಅಣ್ಣಾಸಾಬ ಕೂಗಿ ಕೂಗಿ ಆಳುಗಳನ್ನು ಕರೆಯುತ್ತಿದ್ದುದು ಕೇಳಿಸಿತು. ಯಾಕಿರಬಹುದೆಂದು ಅವನಿಗೆ ಹೊಳೆಯಲಿಲ್ಲ. ಮೇಲೆ ಸೂರ್ಯ ತನ್ನ ಪಾಡಿಗೆ ತಾನು ಏರುತ್ತಿದ್ದ. ಯಾರೂ ಅವನ ಕಡೆ ನೋಡಲಿಲ್ಲ. ಎಲ್ಲರ ತಲೆ ಫೋನಿನ ಕಡೆ ಬಾಗಿತ್ತು.

ಹೊತ್ತು ಏರುತ್ತಿದ್ದಂತೆ ಒಂದು ಟೆಂಪೋ ಬಂದು ಅಂಗಳದ ಮುಂದೆ ನಿಂತಿತು. ಹಿಂದೆ ಎಮ್ಮೆಗಳು, ಎಮ್ಮೆಗಳ ನಡುವೆ ಒಂದು ಹಾಸಿಗೆಯ ಸುರುಳಿ, ಸುರುಳಿಯ ಮೇಲೆ, ಮಡಿಲಲ್ಲಿ ದೇವರ ಜಗುಲಿಯನ್ನು, ಅಂದರೆ ಪೂಜೆಯ ಪುಟ್ಟ ಮಂಟಪವನ್ನು, ಇಟ್ಟುಕೊಂಡ ಅತ್ತೆ ಸತ್ತೆವ್ವ. ಮುಂದಿನಿಂದ ಅಕ್ಕವ್ವನ ತಮ್ಮ ನಾಮದೇವ ಇಳಿದ. ಅವನ ಊರು ರಾಯಬಾಗದ ಕಡೆಯ ದಿಗ್ಗೇವಾಡಿ, ಹೊಳೆಯ ದಂಡೆ. ಮೇಲೆ ಮಹಾರಾಷ್ಟ್ರದಲ್ಲಿ ಮಳೆಯಾದರೆ ಅಲ್ಲಿಯವರ ಕಾಲು ತೋಯುತ್ತದೆ. ಒಂದು ವರ್ಷ ಕೃಷ್ಣೆ ಕೊಟ್ಟಿಗೆಗೆ ಬಂದು ಎಮ್ಮೆಯ ಕೊರಳಿನವರೆಗೂ ನಿಂತಿದ್ದಳು. ಅಂದಿನಿಂದ ಅವನು ಕೆಂಪು ಕಂಡರೆ ಮೊದಲು ಟೆಂಪೋ ಕರೆಯುತ್ತಿದ್ದ.

"ದಾಜೀ, ಕೊಯ್ನಾ ಡ್ಯಾಮಿನಾಗಿಂದ ನೀರ ಬಿಟ್ಟಾರಂತ?" ಎಂದ ನಾಮದೇವ ಭಾವನಿಗೆ, ಎಮ್ಮೆ ಇಳಿಸುತ್ತ.

"ಈಗ್ಯಾಕ ಬಿಡ್ತಾರೋ? ಮಳಿ ಎಲ್ಲೈತಿ?"

"ನೀವ ಕಳಿಸೀರಲ್ಲ," ಎಂದು ನಾಮದೇವ ಫೋನು ಮುಂದೆ ಹಿಡಿದ.

ಮುರಗೆಪ್ಪ ನೋಡಿದ. ತನ್ನದೇ ಮಹಾವ್ಯಾಧ, ಮೈಮೇಲೆ ಭೂಪಾಲನ ಬಾಣ ಚುಚ್ಚಿಸಿಕೊಂಡು ನಿಂತಿದ್ದ. ಒಳಗೆ ಓಡಿ ತನ್ನ ಫೋನು ತೆಗೆದರೆ, ಶಿವನ ಸೃಷ್ಟಿಯ ವಿಸ್ತಾರ ಇನ್ನೂ ಅಲ್ಲೇ ಕೂತಿತ್ತು. ಬೆಳಗಿನ ಒಂದೊಂದು ಮಾತೂ ಅವನಿಗೆ ಒಮ್ಮೆಲೆ ಅರ್ಥವಾಯಿತು, ಕಾಗವಾಡವೂ ಸೇರಿ.

ಅವನು ವಿವರಣೆಯನ್ನು ಮತ್ತೆ ಕಳಿಸಿದ. ಈ ಸಲ ಹೋಯಿತು. ಆದರೆ ಆಗಲೇ ಬಳಗದಲ್ಲಿ ಭೂಪಾಲನಿಗೆ ಕೈಮುಗಿಯುವ ಚಿತ್ರಗಳು ಧೋ ಎಂದು ಸುರಿಯುತ್ತಿದ್ದವು. ಅವುಗಳ ಕೆಳಗೆ ಅದು ಮುಳುಗಿಹೋಯಿತು. ಕೊನೆಗೆ ಭೂಪಾಲನಿಗೇ ಫೋನು ಮಾಡಿ, ಅದು ಚಿಕ್ಕಿಗಳ ನಡುವಿನ ಮೋಡ, ಮಳೆಯದಲ್ಲ ಎಂದು ಬೇಡಿಕೊಂಡ. ಭೂಪಾಲ ಬೇಜಾರು ಮಾಡಿಕೊಳ್ಳಲಿಲ್ಲ. ದೊಡ್ಡವರು ಸಣ್ಣವರಿಗೆ ಹೇಳುವ ಹಾಗೆ ಹೇಳಿದ.

"ಮುರಗೆಪ್ಪಾ, ಫೋಟೋ ತಗದಾವ ನೀ ಇರಬಹುದು. ಅದು ಏನಂತ ಹೇಳಾವ ನಾ."

ಇತ್ತ ನಾಮದೇವನಿಗೆ ಎಮ್ಮೆ ಕಟ್ಟಲು ಗೂಟ ಸಿಗಲಿಲ್ಲ. ಅಂಗಳದಲ್ಲಿ ಗಟ್ಟಿಯಾದದ್ದು ಒಂದೇ ಕಂಬ. ಎಲ್ಲವನ್ನೂ ಅದಕ್ಕೇ ಬಿಗಿದ. ಹೊಸ ಜಾಗಕ್ಕೆ ಬಂದ ಎಮ್ಮೆಗಳು ಕಂಬ ಸುತ್ತಿ, ರಂಗೋಲಿ ನೆಕ್ಕಿ, ದುರ್ಬೀನಿನ ಕೆಳಗೆ ಮಲಗಿದವು.

ಆ ಹೊತ್ತಿಗೆ ಸ್ಕೂಟಿಯಲ್ಲಿ ಊರ ಜಮೀನಿನ ಲೆಕ್ಕ ನೋಡುವ ತಲಾಟಿ ಸ್ನೇಹಲ ಬಂದರು. ನಿಪ್ಪಾಣಿ ಕಡೆಯ ಹುಡುಗಿ, ಕೆಲಸಕ್ಕೆ ಹೊಸಬರು. ಚಿತ್ರ ಮೇಲಿನ ಕಚೇರಿಯವರೆಗೂ ಏರಿ, ಅಲ್ಲಿಂದ ಆದೇಶವಾಗಿ ಇಳಿದಿತ್ತು: ಸದರಿ ಮೋಡವನ್ನು ಸ್ಥಳಕ್ಕೆ ಹೋಗಿ ಪರಿಶೀಲಿಸಿ ವರದಿ ಕೊಡಬೇಕು. ಅವರು ಹೆಲ್ಮೆಟ್ಟು ತೆಗೆದು, ಎಮ್ಮೆಗಳನ್ನು ದಾಟಿ, ಮೋಡ ಎಲ್ಲಿದೆ ತೋರಿಸಿರಿ ಎಂದರು.

ಸುಳ್ಳು ಹೇಳುವುದು ಮುರಗೆಪ್ಪನಿಂದ ಆಗದು. "ಈಗ ಅದು ನಮ್ಮ ಕಾಲ ಬುಡಕ ಐತ್ರಿ, ಬಾಯಾರ," ಎಂದ.

ಸ್ನೇಹಲ ಕಾಲ ಬುಡಕ್ಕೆ ನೋಡಿದರು. ಎಮ್ಮೆಯೊಂದು ಅವರನ್ನು ನೋಡಿತು.

"ಭೂಮಿ ಆಕಡಿ ಮಗ್ಗಲಕ್ರಿ. ಮಧ್ಯಾಹ್ನ ಮ್ಯಾಲ ಮೂಡಣಕ್ಕ ಏಳತೈತಿ. ಆದ್ರ ಬಿಸಲಾಗ ಕಾಣೂದಿಲ್ಲ. ಹೊತ್ತ ಮುಣುಗಿದ ಮ್ಯಾಲ ಬಂದ್ರ ತೋರಸ್ತೇನ್ರಿ. ಅಣ್ಣಾಸಾಬಣ್ಣ ಲೈಟ ಆರಿಸಿದ್ರ."

ಸ್ನೇಹಲ ಕಂಬಕ್ಕೆ ಬೆನ್ನು ಕೊಟ್ಟು ನಿಂತು ವರದಿ ಬರೆದರು: ಸ್ಥಳ ಪರಿಶೀಲನೆ ಮಾಡಲಾಗಿ, ಸದರಿ ಮೋಡವು ಸ್ಥಳದಲ್ಲಿ ಹಾಜರಿರುವುದಿಲ್ಲ. ಬಾಯಿಮಾತಿನಿಂದ ವಿಚಾರಿಸಲಾಗಿ, ಅದು ಭೂಮಿಯ ಕೆಳಗೆ ಇರುವುದಾಗಿ ತಿಳಿದುಬಂದಿರುತ್ತದೆ. ಬರೆದು ಮುಗಿಸಿ ಅಕ್ಕವ್ವ ಕೊಟ್ಟ ಚಹಾ ಕುಡಿದರು. ಹೋಗುವಾಗ ಒಮ್ಮೆ ತಲೆ ಎತ್ತಿ ಆಕಾಶ ನೋಡಿ, ಕಪ್ಪು ಕನ್ನಡಕ ಹಾಕಿಕೊಂಡು ಸ್ಕೂಟಿ ಹೊರಡಿಸಿದರು. ಆ ದಿನ ಆಕಾಶದ ಕಡೆ ನೋಡಿದ ಮೊದಲ ಮನುಷ್ಯರು ಅವರೇ ಇರಬೇಕು.

ಅವರು ಹೋದ ಮೇಲೆ ಗಾಳಿ ಬದುವಿನ ಕಡೆಯಿಂದ ಬೀಸಿತು. ಅದರಲ್ಲಿ ಒಂದು ಸಿಹಿಹುಳಿ ವಾಸನೆ. ಮುರಗೆಪ್ಪ ದ್ರಾಕ್ಷಿಯವನು, ಆ ವಾಸನೆ ಅವನಿಗೆ ಗೊತ್ತು. ಅವನು ಬದು ಹಾರಿ ಓಡಿದ.

ರ್ಯಾಕು ಖಾಲಿಯಾಗಿತ್ತು. ಇನ್ನೂ ಅರೆ ಒಣಗಿದ ಮಣೂಕವನ್ನೆಲ್ಲ ಬಲೆಯಿಂದ ಇಳಿಸಿ, ನೆಲದ ಮೇಲೆ ದೊಡ್ಡ ರಾಶಿ ಹಾಕಿ, ತಾಡಪತ್ರಿ ಹೊಚ್ಚಿ, ನಾಲ್ಕೂ ಕಡೆ ಕಲ್ಲು ಹೇರಿದ್ದರು. ಮೇಲೆ ಸುಡುವ ಬಿಸಿಲು, ಒಳಗೆ ಹಸಿ ಮಾಲು. ಅಣ್ಣಾಸಾಬನ ಹೆಂಡತಿ ಕೆಂಚವ್ವ ಅಂಚಿನಲ್ಲಿ ಕೈ ತೂರಿಸಿ ನೋಡಿ, ಒಳಗೆ ಬೆಚ್ಚಗಾಗಿದೆ ಎಂದು ಗಾಬರಿಯಿಂದ ಗಂಡನ ಮುಖ ನೋಡುತ್ತಿದ್ದಳು. ಹೀಗೇ ಇದ್ದರೆ ಸಂಜೆಗೆ ವರ್ಷದ ದುಡಿಮೆಯೆಲ್ಲ ಹುಳಿ.

ಮುರಗೆಪ್ಪ ಏದುಸಿರು ಬಿಡುತ್ತ ಎಲ್ಲ ಹೇಳಿದ. ಮಳೆ ಇಲ್ಲ, ಆಲಿಕಲ್ಲಿಲ್ಲ, ಅದು ಮಹಾವ್ಯಾಧನ ಮೋಡ, ಮಾಲು ಮತ್ತೆ ಹರವಿರಿ. ಅಣ್ಣಾಸಾಬನ ಕಣ್ಣು ಖಾಲಿ ರ್ಯಾಕಿನ ಮೇಲೆ ಹೋಯಿತು. ಅಲ್ಲಿಂದ ಫೋಕಸ್ ಲೈಟಿನ ಮೇಲೆ. ಅಲ್ಲಿಂದ ಮುರಗೆಪ್ಪನ ಮೇಲೆ.

"ರ್ಯಾಕ ಖಾಲಿ ಆದ ದಿನ ಕತ್ತಲಿ ಕೊಡತೇನಂತ ನಾ ಅಂದಿದ್ದೆ," ಎಂದ ನಿಧಾನವಾಗಿ. "ಇವತ್ತ ರ್ಯಾಕ ಖಾಲಿ ಆತು. ಛಂದ ಹೂಡಿದಿ ಆಟಾ, ತಮ್ಮಾ."

ಸುತ್ತ ನಿಂತವರು ಒಬ್ಬರ ಮುಖ ಒಬ್ಬರು ನೋಡಿದರು. ಮುರಗೆಪ್ಪ ಈ ವರ್ಷ ತನ್ನ ದ್ರಾಕ್ಷಿಯನ್ನು ಗಿಡದ ಮೇಲೇ ಮಾರಿ ಕೈ ತೊಳೆದುಕೊಂಡಿದ್ದ, ಮಳೆ ಬಂದರೂ ಅವನದೇನೂ ಹೋಗುವಂತಿರಲಿಲ್ಲ ಎಂಬುದು ಎಲ್ಲರಿಗೂ ಒಮ್ಮೆಲೆ ನೆನಪಾಯಿತು. ಬೆಳಿಗ್ಗೆ ಕಾಯಿ ಒಡೆದವನು, ತನ್ನ ಕಾಯಿ ವ್ಯರ್ಥವಾಯಿತೆಂದು ಬೈದುಕೊಂಡ.

ಮುರಗೆಪ್ಪನಿಗೆ ಅಳು ಬರುವಂತಾಯಿತು. ಊರ ಸಿದ್ಧೇಶ್ವರನ ಆಣೆ ಹಾಕಿದ. ಆಣೆ ಹಾಕುವವನೇ ಆಟ ಹೂಡುವವನು ಎಂಬಂತೆ ಅಣ್ಣಾಸಾಬ ನೋಡಿದ. ರಾಶಿಯ ವಾಸನೆ ಹೊತ್ತು ಹೊತ್ತಿಗೆ ಏರುತ್ತಿತ್ತು. ಮುರಗೆಪ್ಪ ರಾಶಿಯನ್ನು ನೋಡಿದ, ಲೈಟನ್ನು ನೋಡಿದ, ಇಷ್ಟು ದಿನ ಕಾದ ಆ ಒಂದು ಸಂಜೆಯನ್ನು ಮನಸ್ಸಿನಲ್ಲೇ ಒಮ್ಮೆ ನೋಡಿಕೊಂಡ. ಆಮೇಲೆ ಬಗ್ಗಿ ತಾಡಪತ್ರಿಯ ಮೇಲಿನ ಮೊದಲ ಕಲ್ಲು ಎತ್ತಿದ.

"ಅಣ್ಣಾ, ನಿನ್ನ ಕತ್ತಲಿ ನನಗ ಬ್ಯಾಡ. ಮುಯ್ಯಿ ಬಿಟ್ಟೆ. ಇವತ್ತೂ ಬ್ಯಾಡ, ಮುಂದೂ ಬ್ಯಾಡ. ಆ ಲೈಟ ಹಂಗ ಉರೀಲಿ. ಮಾಲ ಮಾತ್ರ ಹರವು."

ಆ ಸೀಮೆಯಲ್ಲಿ ಜಗಳವಾಡಿ ಮುಯ್ಯಿ ಕೇಳಿದವರಿದ್ದಾರೆ, ಹೊಡೆದಾಡಿ ಕೇಳಿದವರೂ ಇದ್ದಾರೆ. ಜನರ ಮುಂದೆ ಬಿಟ್ಟುಕೊಟ್ಟವರನ್ನು ಯಾರೂ ಕಂಡಿರಲಿಲ್ಲ. ಕೆಂಚವ್ವ ಗಂಡನ ಮಾತಿಗೆ ಕಾಯಲಿಲ್ಲ, ಇನ್ನೊಂದು ಕಡೆಯ ಕಲ್ಲನ್ನು ಅವಳು ಎತ್ತಿದಳು. ಆಗ ಅಣ್ಣಾಸಾಬ ಮೊದಲ ಸಲ ಮುಖ ಮೇಲೆತ್ತಿ ಆಕಾಶ ನೋಡಿದ. ಅಲ್ಲಿ ಸೂರ್ಯನ ಹೊರತು ಏನೂ ಇರಲಿಲ್ಲ.

"ಹರವ್ರಿ," ಎಂದ.

ಮುಂದೆ ಯಾರಿಗೂ ಮಾತಾಡಲು ಹೊತ್ತಿರಲಿಲ್ಲ. ಮುರಗೆಪ್ಪ ಬುಟ್ಟಿ ಹೊತ್ತ, ನಾಮದೇವ ರ್ಯಾಕು ಹತ್ತಿದ, ಅಕ್ಕವ್ವ ಸೀರೆಯ ಸೆರಗು ಕಟ್ಟಿಕೊಂಡು ಬಂದಳು. ತಮ್ಮ ತಮ್ಮ ರಾಶಿ ನೆನಪಾದವರು ಓಡಿದರು, ಮಾಲಿಲ್ಲದವರು ಇಲ್ಲೇ ನಿಂತು ಕೈ ಹಚ್ಚಿದರು. ಸತ್ತೆವ್ವ ದೇವರ ಜಗುಲಿಯನ್ನು ಒಂದು ಕಡೆ ಇಟ್ಟು, ಕೂತಲ್ಲೇ ಮುದ್ದೆಯಾದ ಮಣೂಕ ಬಿಡಿಸಿದಳು. ಅವಳ ಮಿರಜಿನ ಕಣ್ಣಿಗೆ ಒಂದು ಕಡ್ಡಿಯೂ ತಪ್ಪಲಿಲ್ಲ. ಬಿಸಿಲೂ ಆ ದಿನ ತನ್ನ ಕೆಲಸ ತಾನು ಮಾಡಿತು. ಹೊತ್ತು ಇಳಿಯುವಷ್ಟರಲ್ಲಿ ಅಂತಸ್ತುಗಳೆಲ್ಲ ತುಂಬಿ, ಹುಳಿ ವಾಸನೆ ಹೋಗಿ ಬರೀ ಸಿಹಿ ಉಳಿಯಿತು. ಕೆಂಚವ್ವ ಒಂದು ಹಿಡಿ ಬಾಯಿಗೆ ಹಾಕಿ ನೋಡಿ, ಕೆಟ್ಟಿಲ್ಲ ಎಂದಳು. ಅಣ್ಣಾಸಾಬ ಮುರಗೆಪ್ಪನ ಕಡೆ ನೋಡದೆ ರ್ಯಾಕಿನ ಕೊನೆಗೆ ನಡೆದುಹೋದ.

ಸಂಜೆಗೆ ಬಳಗದಲ್ಲಿ ಭೂಪಾಲನ ಬರಹ ಬಂತು. ತಾನು ಸಕಾಲಕ್ಕೆ ಎಚ್ಚರಿಸಿದ್ದರಿಂದ ರೈತರು ಪಾರಾದರೆಂದೂ, ಮೋಡ ಕಾಗವಾಡದ ಹತ್ತಿರ ಬಂದು ಮನಸ್ಸು ಬದಲಿಸಿ ಸೊಲ್ಲಾಪುರದ ಕಡೆ ಹೋಯಿತೆಂದೂ ತಿಳಿಸಿದ್ದ. ಕೆಳಗೆ ಮತ್ತೆ ಕೈಮುಗಿಯುವ ಚಿತ್ರಗಳು ಸುರಿದವು. ನಾಮದೇವನೂ ಒಂದು ಹಾಕಿದ. ಹಾಕಿ, ಎಮ್ಮೆಗಳು ದಣಿದಿವೆ, ನಾಳೆ ಹೋದರಾಯಿತು ಎಂದು ಊಟಕ್ಕೆ ಕೂತ.

ಊಟವಾಯಿತು. ಎಂದಿನಂತೆ ಬದುವಿನ ಆಚೆಯಿಂದ ಬೆಳಕು ಅಂಗಳ ತುಂಬಿತ್ತು. ತುಳಸಿಯ ನೆರಳು ಗೋಡೆಯ ಮೇಲಿತ್ತು. ಅಕ್ಕವ್ವ ಮೊರ ತಂದು ಜೋಳ ಹಸನು ಮಾಡಲು ಕೂತಳು. ಮುರಗೆಪ್ಪ ದುರ್ಬೀನಿನ ಮೇಲೆ ಗೋಣಿತಟ್ಟು ಹೊಚ್ಚಲೆಂದು ಎದ್ದ. ಇನ್ನು ಅದಕ್ಕೇನು ಕೆಲಸ? ಎಮ್ಮೆಗಳನ್ನು ಸರಿಸಿ ಕಂಬದ ಹತ್ತಿರ ಹೋದ. ತಟ್ಟು ಎತ್ತಿದ.

ಅಂಗಳ ಕತ್ತಲಾಯಿತು.

ಕರೆಂಟ್ ಹೋಯಿತೆಂದು ಅಕ್ಕವ್ವ ಬೈದಳು. ಆದರೆ ಹಿಂದೆ ಅಡುಗೆಮನೆಯ ಬಲ್ಬು ಉರಿಯುತ್ತಲೇ ಇತ್ತು. ದೂರದ ವಸ್ತಿಗಳ ದೀಪಗಳೂ ಇದ್ದವು. ಆರಿದ್ದು ಒಂದೇ, ಫೋಕಸ್ ಲೈಟು. ಮುರಗೆಪ್ಪ ತಟ್ಟು ಹಿಡಿದುಕೊಂಡೇ ನಿಂತ. ಕಣ್ಣು ಹೊಂದಿಕೊಂಡಂತೆ ಬದುವಿನ ಆಚೆ ತುಂಬಿದ ರ್ಯಾಕಿನ ಕಪ್ಪು ಆಕಾರ ಕಂಡಿತು. ಅದರ ಪಕ್ಕ ಕಂಬಳಿ ಹೊದ್ದು, ಬಡಿಗೆ ನೆಲಕ್ಕೂರಿ ಕೂತ ಒಬ್ಬ ಮನುಷ್ಯನ ಆಕಾರ. ಕಳ್ಳರನ್ನು ಕಾಯಲು ಅಣ್ಣಾಸಾಬ ತಾನೇ ಬಂದು ಕೂತಿದ್ದ.

ಮುರಗೆಪ್ಪ ತಟ್ಟು ಕೆಳಗಿಟ್ಟು ಹೋಗಿ ಅಡುಗೆಮನೆಯ ಬಲ್ಬನ್ನೂ ಆರಿಸಿ ಬಂದ. ಹಾಂಗಾರ ನನ್ನ ಜ್ವಾಳಾ ಎಂದು ಅಕ್ಕವ್ವ ಕೇಳಿದಳು. ನಾಳಿ ಮಾಡು ಎಂದ. ಅವಳು ಮೊರ ಬದಿಗಿಟ್ಟಳು. ನೆತ್ತಿಯ ಮೇಲೆ ಮಹಾವ್ಯಾಧ ಕಾಲು ಚಾಚಿ ನಿಂತಿದ್ದ, ಹಿಂದೆಂದೂ ಆ ಅಂಗಳದಲ್ಲಿ ಅಷ್ಟು ಹತ್ತಿರಕ್ಕೆ ಬಂದಿರಲಿಲ್ಲ. ಮುರಗೆಪ್ಪ ದುರ್ಬೀನು ತಿರುಗಿಸಿ, ಕ್ಯಾಮೆರಾ ಹಚ್ಚುವ ಮೊದಲು ಅತ್ತೆಯನ್ನು ಕೈಹಿಡಿದು ಎಮ್ಮೆಗಳ ನಡುವೆ ನಡೆಸಿಕೊಂಡು ಬಂದು, ಕಣ್ಣು ಹಚ್ಚಿಸಿದ.

ಸತ್ತೆವ್ವ ಬಹಳ ಹೊತ್ತು ನೋಡಿದಳು.

"ಅಳಿಯಂದ್ರ, ಇದು ಮಳಿ ಮೋಡ ಅಲ್ಲ ಬಿಡ್ರಿ," ಎಂದಳು ಕೊನೆಗೆ. "ಯಾರೋ ಊದಿನಕಡ್ಡಿ ಹಚ್ಚಿ ಈಗ ಒಳಗ ಹೋಗ್ಯಾರ. ಹೊಗಿ ಇನ್ನೂ ಅಲ್ಲೇ ಐತಿ."

ಮುರಗೆಪ್ಪ ಕ್ಯಾಮೆರಾ ಹಚ್ಚಿದ. ಸಣ್ಣ ಮೋಟಾರು ಚಿಕ್ಕಿಯ ಹಿಂದೆ ಹೊರಟಿತು. ಬದುವಿನ ಆ ಕಡೆ ಅಣ್ಣಾಸಾಬ ಒಮ್ಮೆ ಕೆಮ್ಮಿದ, ಚಳಿಗಿರಬೇಕು. ಸ್ವಲ್ಪ ಹೊತ್ತು ಬಿಟ್ಟು ಈ ಕಡೆಯಿಂದ ಮುರಗೆಪ್ಪನೂ ಒಮ್ಮೆ ಕೆಮ್ಮಿದ.